ಕಂಚಿನ ಕುತ್ತಿಗೆಯ ಹೊಲಿಗೆ

ಕಂಚಿನ ನಾಯಿಯ ಕುತ್ತಿಗೆಯ ಮೇಲೆ ಹಳದಿ ಗೆರೆಯೊಂದು ಎದ್ದು ಕಾಣುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ತ್ರಿಶಲಾ ಚೌಗುಲೆ ಕಟ್ಟೆ ಹತ್ತಿ ಬಗ್ಗಿ ನೋಡಿದಳು. ಅಂಗೈ ಉದ್ದದ ಗೆರೆ. ಅದಕ್ಕೆ ಅಡ್ಡಲಾಗಿ ಸಣ್ಣ ಸಣ್ಣ ಗೀಟುಗಳು. ಹಿಂದಿನ ದಿನ ಅನಾವರಣದ ಹೊತ್ತಿನಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗಷ್ಟೇ ಸೋಮವ್ವ ಎಂಬ ಕುರಿಗಾಹಿ ಹೆಂಗಸು ಮುಷ್ಟಿ ತುಂಬ ಭಂಡಾರ ತಂದು ಅಲ್ಲಿ ಉಜ್ಜಿದ್ದಳು. ಬೀರೇಶ್ವರನ ಭಕ್ತರು ದೇವರಿಗೆ ಎರಚುವ ಅರಿಶಿನ ಪುಡಿ. ನುಣುಪಾದ ಕಡೆ ಅದು ಜಾರಿ ಬಿದ್ದಿತ್ತು. ತಗ್ಗು ಇದ್ದಲ್ಲಿ ಕೂತಿತ್ತು.

ಅದು ಹೊಲಿಗೆ. ಸೀಳಿದ ಚರ್ಮವನ್ನು ಕೂಡಿಸಿ ಹಾಕಿದ ಹೊಲಿಗೆ.

ಮುಧೋಳದ ಆಕಾಶ ಬೆಳಗಿನಿಂದಲೂ ಮಂಕಾಗಿತ್ತು. ಸುತ್ತಲ ಹೊಲಗಳಲ್ಲಿ ಕಬ್ಬು ಕಡಿದ ಮೇಲೆ ಉಳಿದ ಒಣ ರವದಿ ಸುಡುತ್ತಿದ್ದರು. ಕರಿ ಬೂದಿಯ ಎಳೆಗಳು ಸರ್ಕಲ್ಲಿನ ಮೇಲೆ, ಜನರ ತಲೆಯ ಮೇಲೆ, ನಾಯಿಯ ಮೇಲೆ ಸದ್ದಿಲ್ಲದೆ ಇಳಿಯುತ್ತಿದ್ದವು.

ಈ ಊರಿನ ಲಾಂಛನದ ನಾಯಿ ಎಂದೂ ಮಲಗಿದ್ದಿಲ್ಲ. ಕಮಾನಿನ ಮೇಲೆ, ಬಸ್ಸಿನ ಗಾಜಿನ ಮೇಲೆ, ಕ್ರಿಕೆಟ್ ತಂಡದ ಅಂಗಿಯ ಮೇಲೆ, ಎಲ್ಲ ಕಡೆ ಅದು ಎದೆ ಸೆಟೆಸಿ ನಿಂತಿರುತ್ತದೆ. ಇಲ್ಲವೇ ನಾಲ್ಕೂ ಕಾಲು ನೆಲ ಬಿಟ್ಟು ಓಡುತ್ತಿರುತ್ತದೆ. ತೇರದಾಳದಲ್ಲಿ ಹುಟ್ಟಿ ಹೊರದೇಶಗಳಲ್ಲಿ ಹೆಸರು ಮಾಡಿದ ಶಿಲ್ಪಿ ಅಭಿನಂದನ ಮಗದುಮ್ ಅದನ್ನು ಒಂದು ಮಗ್ಗುಲಿಗೆ ಮಲಗಿಸಿದ್ದರು. ಕಾಲು ಚಾಚಿ, ಬಾಯಿ ತುಸು ತೆರೆದು, ಪಕ್ಕೆಲುಬು ಎಣಿಸುವಂತೆ. ದೊಡ್ಡ ಪತ್ರಿಕೆಗಳು ಹೊಗಳಿದ್ದವು. ಊರು ಸಿಟ್ಟಿಗೆದ್ದಿತ್ತು.

"ಏನ್ರಿ ಮೇಡಂ ಇದು? ಊಟ ಆದಮ್ಯಾಲ ನಮ್ಮ ಮಾವ ಮಲಗಿದಂಗ ಮಲಗೈತಿ!" ಗುಂಪಿನಿಂದ ಒಬ್ಬ ಕೂಗಿದ.

"ನಿಮ್ಮ ಮಾವ ಓಡಿ ಒಂದು ಮೊಲ ಹಿಡಿದಿದ್ರ ಅವನದೂ ಮೂರ್ತಿ ಮಾಡಸ್ತಿದ್ರು, ಸುಮ್ನಿರಲೇ," ಎಂದ ಹೆಡ್ ಕಾನ್‌ಸ್ಟೇಬಲ್ ನಿಂಗಣ್ಣ.

ತ್ರಿಶಲಾ ನಗಲಿಲ್ಲ. ಚಳಿಗಾಲದಲ್ಲಿ ಬೇಟೆನಾಯಿ ನಿದ್ದೆ ಮಾಡುವಾಗ ಮುದುಡಿಕೊಳ್ಳುತ್ತದೆ, ಮೂಗನ್ನು ಬಾಲದೊಳಗೆ ಹುದುಗಿಸುತ್ತದೆ. ಈ ನಾಯಿಯ ಮುಂಗಾಲಿನ ಬೆರಳುಗಳು ಸಡಿಲವಾಗಿ ಬಿಚ್ಚಿಕೊಂಡಿದ್ದವು. ಎಡಗಿವಿಯ ತುದಿಯಲ್ಲಿ ಕವಲೊಡೆದ ಸೀಳು. ಸೋಮವ್ವನ ಮಗ ಹಾಲೇಶ ತನ್ನ ಬೇಟೆನಾಯಿ ಕೆಂಚಿಯೊಂದಿಗೆ ಮಳೆಗಾಲಕ್ಕೆ ಮುನ್ನವೇ ಕಾಣೆಯಾಗಿದ್ದ. ಅವನ ಮನೆಯವರು ಕೊಟ್ಟ ದೂರಿನಲ್ಲಿ ನಾಯಿಯ ಗುರುತೆಂದು ಬರೆಸಿದ್ದೂ ಇದೇ ಸೀಳು.

ಅವಳು ಕೆಳಗಿಳಿದು ಸೋಮವ್ವನ ಬಳಿ ಬಂದಳು.

"ಅವ್ವಾ, ಕುತ್ತಿಗಿಗೆ ಯಾಕ ಹಚ್ಚಿದ್ರಿ? ಎಲ್ಲಾರೂ ಹಣಿಗೆ ಹಚ್ಚತಾರಲ್ಲ."

"ಕೈಗೆ ಸಿಕ್ಕಲ್ಲಿ ಹಚ್ಚೇನ್ರಿ." ಸೋಮವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಕೈಗೆ ಸಿಗುವಂತಿದ್ದದ್ದು ಹಣೆ. ಕುತ್ತಿಗೆ ಮುಟ್ಟಲು ಆಕೆ ಕಟ್ಟೆಯ ಮೇಲೆ ಮೊಣಕಾಲೂರಿ ಬಾಗಿದ್ದನ್ನು ತ್ರಿಶಲಾ ನೋಡಿದ್ದಳು.

"ಇದು ನಿಮ್ಮ ಕೆಂಚಿ ಏನು?"

"ಅಲ್ರಿ." ಉತ್ತರ ಪ್ರಶ್ನೆಗಿಂತ ಬೇಗ ಬಂತು. "ನಮ್ಮ ಕೆಂಚಿ ಹಿಂಗ ಇರ್ಲಿಲ್ಲ. ಇದು ಬ್ಯಾರೆ ನಾಯಿ."

"ಕಣ್ಣ ಕಾಣಂಗಿಲ್ಲೇನ ವೈನಿ ನಿನಗ?" ಪಕ್ಕದಲ್ಲಿದ್ದ ಸಾಬಣ್ಣ ಮುಂದೆ ಬಂದ. ಹಾಲೇಶನ ಕಾಕಾ, ಸೋಮವ್ವನ ಮೈದುನ, ಬೀರೇಶ್ವರನ ಗುಡಿಯ ಪೂಜಾರಿ. ಬಿಳಿ ರುಮಾಲು, ಹೆಗಲ ಮೇಲೆ ಕರಿ ಕಂಬಳಿ. ಸೋಮವ್ವ ಠಾಣೆಗೆ ಬಂದಾಗಲೆಲ್ಲ ಜೊತೆಗೆ ಬರುವವನು ಅವನೇ. "ಕಿವಿ ನೋಡ್ರಿ ಮೇಡಂ. ನಮ್ಮ ಕುರಿ ಕಿವಿಗೆ ಹಾಕೂ ಗುರ್ತು ಇದು. ನಾಯಿಗೂ ಅದನ್ನ ಹಾಕ್ತೀವಿ. ಖರೇನ ಕೆಂಚಿ ಇದು. ಇದನ್ನ ಮಾಡಿದವ್ರು ಎಲ್ಲಿ ಅದಾರ? ನಡೀರಿ, ಕೇಳೂಣು."

ತ್ರಿಶಲಾ ಇಬ್ಬರ ಮುಖವನ್ನೂ ನೋಡಿದಳು. ಮಗ ಕಾಣೆಯಾದ ತಾಯಂದಿರು ದಾರಿಯಲ್ಲಿ ಬಿದ್ದ ಚಪ್ಪಲಿಯನ್ನೂ ಅವನದೇ ಎನ್ನುತ್ತಾರೆ. ಇಲ್ಲಿ ಕಾಕಾ ಹೌದೆನ್ನುತ್ತಿದ್ದಾನೆ, ತಾಯಿ ಅಲ್ಲವೆನ್ನುತ್ತಿದ್ದಾಳೆ.

ಅನುಮಾನ ತಾಯಿಯ ಮೇಲೆ ಹೋಯಿತು.

ಜೀಪು ಜಮಖಂಡಿ ದಾಟಿ ಬನಹಟ್ಟಿಯ ದಾರಿ ಹಿಡಿಯಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಸಾಗಬೇಕಾಯಿತು. ಸಾಬಣ್ಣ ದಾರಿಯುದ್ದಕ್ಕೂ ಮಾತಾಡಿದ. ಅಣ್ಣ ಸತ್ತ ಮೇಲೆ ಹಾಲೇಶನನ್ನು ತಾನೇ ಬೆಳೆಸಿದ್ದು, ತನ್ನ ಮನೆಯಲ್ಲಿ ಅವನ ತಂಗಿ ಮಾಯಾ ಇನ್ನೂ ಅಣ್ಣನ ದಾರಿ ಕಾಯುತ್ತಿರುವುದು. ಸಂಜೆ ಹೊತ್ತು ಬೀಳಗಿಯ ಗುಡ್ಡದ ಬುಡದಲ್ಲಿ ಹಾಲೇಶ ನಾಯಿಯೊಂದಿಗೆ ನಡೆದು ಹೋದದ್ದನ್ನು ತಾನೇ ಕೊನೆಗೆ ಕಂಡವನೆಂದು ಮತ್ತೊಮ್ಮೆ ಹೇಳಿದ. ಆ ರಾತ್ರಿಯೇ ಅವರು ಕಾಣೆಯಾದರಂತೆ. ದೂರಿನಲ್ಲಿ ಇದ್ದದ್ದೂ ಅದೇ.

ಹಿಂದಿನ ಸೀಟಿನಲ್ಲಿ ಸೋಮವ್ವ ಹೊರಗೆ ನೋಡುತ್ತ ಕುಳಿತಿದ್ದಳು.

ಬನಹಟ್ಟಿಯ ಹಳೆಯ ಪವರ್‌ಲೂಮ್ ಶೆಡ್ಡೊಂದರಲ್ಲಿ ಶಿಲ್ಪಿ ಕೆಲಸ ಮಾಡುತ್ತಿದ್ದರು. ಅಕ್ಕಪಕ್ಕದ ಶೆಡ್ಡುಗಳಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಎದುರಿಗೆ ಚಹಾದ ಅಂಗಡಿ. ನಿಂಗಣ್ಣ ಸಾಬಣ್ಣನನ್ನು ಅಲ್ಲಿಗೆ ಕರೆದೊಯ್ದ. ಸೋಮವ್ವ ಶೆಡ್ಡಿನ ಹೊರಗಟ್ಟೆಯ ಮೇಲೆ ಕುಳಿತಳು.

"ಜೈ ಜಿನೇಂದ್ರ," ಎಂದರು ಅಭಿನಂದನ ಮಗದುಮ್. ಅರವತ್ತು ಸಮೀಪಿಸಿದ ಮನುಷ್ಯ. ಗಡ್ಡದಲ್ಲಿ ಪ್ಲಾಸ್ಟರಿನ ಪುಡಿ. "ನೀ ಚೌಗುಲೆ ಮನಿ ಹುಡುಗಿ ಅಲ್ಲೇನು? ನಿಮ್ಮಪ್ಪ ನಾನು ಕೂಡಿ ಸಾಲಿಗೆ ಹೋದವ್ರು."

"ಹೌದ್ರಿ ಅಣ್ಣಾರ. ಇವತ್ತು ಊರ ಹುಡುಗಿಯಾಗಿ ಬಂದಿಲ್ಲ."

"ಯೂನಿಫಾರ್ಮ್ ಹಾಕ್ಕೊಂಡು ಯಾರೂ ಹಂಗ ಬರಂಗಿಲ್ಲ ಬಿಡು. ಕುಂದ್ರು."

ಅವಳು ಕೂರಲಿಲ್ಲ.

"ಯಾವ ನಾಯಿ ನೋಡಿ ಮಾಡಿದ್ರಿ?"

"ಪೇಪರಿನ್ಯಾಗ ಹೇಳೇನಲ್ಲ. ತಿಮ್ಮಾಪುರದ ನಾಯಿ ತಳಿ ಕೇಂದ್ರದಾಗ ಕುಂತು ಚಿತ್ರ ಬರಕೊಂಡೆ. ಎಲ್ಲಾರೂ ಅದನ್ನ ಓಡಿಸ್ಯಾರ, ನಿಲ್ಲಿಸ್ಯಾರ. ದಣಿದದ್ದನ್ನ ಯಾರೂ ತೋರಿಸಿಲ್ಲ. ನಾ ತೋರಿಸಿದೆ."

"ಅಲ್ಲಿ ಕಿವಿ ಸೀಳಂಗಿಲ್ರಿ."

"ಅದು ನನ್ನ ಕಲ್ಪನಾ."

"ಹೊಲಿಗಿನೂ ಕಲ್ಪನಾ?"

ಅವಳು ಮೊಬೈಲಿನಲ್ಲಿ ತೆಗೆದ ಫೋಟೊ ತೋರಿಸಿದಳು. ಹಳದಿ ಗೆರೆ, ಅಡ್ಡ ಗೀಟುಗಳು. ಶಿಲ್ಪಿ ಕನ್ನಡಕ ಹಾಕಿಕೊಂಡು ನೋಡಿದರು.

"ಕೆರೆದು ತಗದಿದ್ದೆ," ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಂಡಂತೆ. "ಪೂರಾ ಹೋಗಿಲ್ಲ."

"ಕೈಲೆ ತಿದ್ದಿ ಮಾಡಿದ ಮೂರ್ತಿಗೆ ಯಾರೂ ಹೊಲಿಗಿ ಹಾಕಂಗಿಲ್ಲ ಅಣ್ಣಾರ. ಇದು ನಾಯಿ ಮೈಮ್ಯಾಲಿಂದ ತಗದ ಅಚ್ಚು. ಜೀವ ಇದ್ದ ನಾಯಿ ಮ್ಯಾಲ ಪ್ಲಾಸ್ಟರ್ ಸುರುವಿದ್ರ ಅದು ಸುಮ್ನ ಮಲಗಿರಂಗಿಲ್ಲ."

"ಮೆಲ್ಲಕ ಮಾತಾಡವ್ವಾ." ಅವರು ಬಾಗಿಲ ಕಡೆ ನೋಡಿದರು. "ನಮ್ಮವ್ವಗ ಇದು ಗೊತ್ತಾಗಬಾರದು."

ಅವರ ತಾಯಿ ರಾಜಮತಿಯವರನ್ನು ತ್ರಿಶಲಾ ಬಲ್ಲಳು. ತೇರದಾಳದ ಬಸದಿಗೆ ಬರಿಗಾಲಲ್ಲಿ ನಡೆದು ಹೋಗುವ ವ್ರತಿ. ನೀರು ಸೋಸದೆ ಕುಡಿಯದವರು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವರು. ತನ್ನ ಮಗ ಸತ್ತ ಪ್ರಾಣಿಯ ಮೈಯಿಂದ ಹೆಸರು ಗಳಿಸಿದ ಎಂದು ತಿಳಿದರೆ ಆಕೆ ಅವನ ಕೈಯ ನೀರು ಮುಟ್ಟಲಾರರು.

"ನೀವು ಅದನ್ನ ಕೊಂದಿಲ್ಲ. ಅಷ್ಟು ನನಗ ಗೊತ್ತೈತಿ," ಎಂದಳು ತ್ರಿಶಲಾ. "ಇಲ್ಲಿಗೆ ಬಂದಾಗ ಸತ್ತು ಎಷ್ಟು ಹೊತ್ತಾಗಿತ್ತು?"

"ನಾ ಏನ್ ಡಾಕ್ಟರ್ ಏನು?"

"ಹಂಗಾದ್ರ ನೀವು ಮಾಡಿದ್ದು ಹೇಳ್ರಿ. ಪ್ಲಾಸ್ಟರ್ ಹಾಕೂಕಿನ್ನ ಮೊದಲ ಏನೇನ್ ಮಾಡಿದ್ರಿ?"

"ತೊಳದೆ. ಗಾಯ ಹೊಲಿದೆ, ಮಗ್ಗದ ನೂಲಿಲೆ. ಗಾಯದಾಗ ಪ್ಲಾಸ್ಟರ್ ಇಳಿಬಾರದಲ್ಲ. ಅದಕ್ಕೂ ಮೊದಲ ಉಣ್ಣಿ ಹುಳ ಆರಿಸಿದೆ."

"ಏನು?"

"ಉಣ್ಣಿ. ಕುರಿ ಕಾಯೂ ನಾಯಿ, ಕಿವ್ಯಾಗ, ಕಾಲ ಸಂದ್ಯಾಗ ತುಂಬಿಕೊಂಡಿದ್ದವು. ಹಂಗ ಪ್ಲಾಸ್ಟರ್ ಹಾಕಿದ್ರ ಎಲ್ಲಾ ಸಾಯ್ತಿದ್ದವು. ಒಂದೊಂದ ಬಿಡಿಸಿ, ಎಲಿ ಮ್ಯಾಲ ಇಟ್ಟು, ಹಿತ್ತಲ ಹುಲ್ಲಿನ್ಯಾಗ ಬಿಟ್ಟು ಬಂದೆ."

ಅವರು ಅದನ್ನು ಕೈ ತೊಳೆದೆ ಎನ್ನುವಷ್ಟು ಸಹಜವಾಗಿ ಹೇಳಿದರು. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ತ್ರಿಶಲಾಳ ಮನೆಯಲ್ಲಿ ಅಪ್ಪ ಇಂದಿಗೂ ಒಲೆ ಹಚ್ಚುವ ಮುನ್ನ ಕಟ್ಟಿಗೆ ಕೊಡವಿ ಇರುವೆ ಇಳಿಸುತ್ತಾರೆ.

"ಉಣ್ಣಿ ಜೀವಂತ ಇದ್ದವೇನು?"

"ಇದ್ದವು. ಗಟ್ಟಿ ಕಚ್ಚಿ ಹಿಡಿದಿದ್ದವು. ಕಾಲು ಮುರೀದಂಗ ಬಿಡಿಸೂದರಾಗ ಸಾಕುಬೇಕಾತು."

"ಎಲ್ಲಾನೂ?"

"ಎಲ್ಲಾ. ಯಾಕ?"

ದನಗಳ ಪಂಚನಾಮೆಗೆ ಹೋದಾಗ ಪಶುವೈದ್ಯರೊಬ್ಬರು ಹೇಳಿದ ಮಾತು ಅವಳಿಗೆ ನೆನಪಿತ್ತು. ಮೈ ತಣ್ಣಗಾದರೆ ಉಣ್ಣಿ ನಿಲ್ಲುವುದಿಲ್ಲ, ರಕ್ತದ ಬಿಸಿ ಆರುತ್ತಲೇ ಕಚ್ಚು ಬಿಟ್ಟು ಇಳಿಯುತ್ತವೆ. ಎಲ್ಲವೂ ಕಚ್ಚಿ ಹಿಡಿದಿದ್ದವು ಎಂದರೆ ಕೆಂಚಿಯ ಮೈ ಇನ್ನೂ ಬೆಚ್ಚಗಿತ್ತು. ಅದು ಸತ್ತದ್ದು ಇಲ್ಲೇ ಹತ್ತಿರದಲ್ಲಿ, ರಬಕವಿಯ ಹೊಳೆದಂಡೆಯಲ್ಲೋ ಅದರಾಚೆಯ ಹೊಲದಲ್ಲೋ. ದೂರದ ಬೀಳಗಿಯ ಗುಡ್ಡದಲ್ಲಿ ಅಲ್ಲ.

"ಯಾವತ್ತಿನ ಮಾತು ಇದು?"

ಅವರು ಹೇಳಿದ ಸಂಜೆ ದೂರಿನಲ್ಲಿದ್ದ ಸಂಜೆಯೇ ಆಗಿತ್ತು. ಸಾಬಣ್ಣ ಆ ಸಂಜೆ ಬೀಳಗಿಯಲ್ಲಿ ಕಂಡೆನೆಂದ ನಾಯಿ, ಅದೇ ಸಂಜೆ ಬನಹಟ್ಟಿಯ ಈ ನೆಲದ ಮೇಲೆ ಬೆಚ್ಚಗೆ ಸತ್ತು ಬಿದ್ದಿತ್ತು.

"ತಂದವ್ರು ಯಾರು?"

ಶಿಲ್ಪಿಯ ಕಣ್ಣು ಮೂಲೆಯಲ್ಲಿ ಗೋಣಿತಟ್ಟು ಹೊದಿಸಿಟ್ಟ ಒಂದು ರಾಶಿಯ ಕಡೆ ಹೋಗಿ ಬಂತು. ತ್ರಿಶಲಾ ಅತ್ತ ನಡೆದಳು.

"ಬ್ಯಾಡವ್ವಾ. ಅದನ್ನ ಮುಟ್ಟಬ್ಯಾಡ."

ಅವಳು ಗೋಣಿತಟ್ಟು ಎತ್ತಿದಳು. ಮೂಲ ಅಚ್ಚಿನ ತುಂಡುಗಳು. ಒಂದು ತುಂಡಿನಲ್ಲಿ ನಾಯಿಯ ತಲೆ ಒತ್ತಿದ ಪೊಳ್ಳು. ಮೂತಿ, ಮುಚ್ಚಿದ ಕಣ್ಣು, ಸೀಳಿದ ಕಿವಿ. ದವಡೆಯ ಕೆಳಗೆ ಇನ್ನೊಂದು ಗುರುತಿತ್ತು. ಕಂಚಿನಲ್ಲಿ ಇಲ್ಲದ್ದು, ಕಂಚು ಎರೆಯುವ ಮುನ್ನ ಮೇಣದ ಹಂತದಲ್ಲೇ ಅಳಿಸಿ ಹಾಕಿದ್ದು.

ನಾಲ್ಕು ಬೆರಳು, ಒಂದು ಹೆಬ್ಬೆರಳು. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಯಾರೋ ನಾಯಿಯ ತಲೆಯನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದರು. ಸಣ್ಣ ಕೈ. ಕಿರುಬೆರಳು ಸೊಟ್ಟ.

"ಇದು ಗಂಡಸಿನ ಕೈ ಅಲ್ಲ," ಎಂದಳು ತ್ರಿಶಲಾ.

ಆ ಹೊತ್ತಿಗೆ ಕರೆಂಟು ಹೋಯಿತು. ಅಕ್ಕಪಕ್ಕದ ಮಗ್ಗಗಳು ಒಂದರ ಹಿಂದೊಂದು ನಿಂತವು. ಕೇರಿಯೇ ಕಿವುಡಾದಂತಹ ಮೌನ. ಚಹಾದ ಅಂಗಡಿಯಲ್ಲಿ ನಿಂಗಣ್ಣ ಏನೋ ಹೇಳಿ ನಕ್ಕದ್ದು ಒಳಗೆ ಸ್ಪಷ್ಟವಾಗಿ ಕೇಳಿಸಿತು.

"ಈ ಅಣ್ಣಾರಿಗೆ ಯಾಕ ಕಾಡ್ತೀಯವ್ವಾ?"

ಬಾಗಿಲಲ್ಲಿ ಸೋಮವ್ವ ನಿಂತಿದ್ದಳು. ಸದ್ದಿಲ್ಲದೆ ಒಳಗೆ ಬಂದು, ಮಂಡಿಯೂರಿ, ಬಲಗೈಯನ್ನು ಪೊಳ್ಳಿನಲ್ಲಿ ಇಟ್ಟಳು. ಐದೂ ಬೆರಳು ತಮ್ಮ ತಮ್ಮ ಜಾಗದಲ್ಲಿ ಕೂತವು. ಸೊಟ್ಟ ಕಿರುಬೆರಳು ಕೂಡ.

"ನಾನ ಹಿಡಕೊಂಡಿದ್ದೆ. ತಲಿ ವಾಲ್ತಿತ್ತು."

ತ್ರಿಶಲಾ ಧ್ವನಿ ತಗ್ಗಿಸಿದಳು. "ಹಾಲೇಶ?"

"ಅಂವನ ಕೆಂಚಿನ್ನ ಹೊತ್ಕೊಂಡು ಬಂದ. ಹೊಳಿದಂಡ್ಯಾಗ ಕುರಿ ತರಬಿ ಬೀಡು ಬಿಟ್ಟಿದ್ವಿ. ಹೊತ್ತು ಮುಳಗಾಕ ಬಂದಿತ್ತು. ಕೊಡ್ಲಿ ಅವನ ಕುತ್ತಿಗಿಗೆ ಬರಬೇಕಿತ್ತು, ಕೆಂಚಿ ಹಾರಿ ನಡುವ ಬಂತು. ಈ ಅಣ್ಣಾರು ಮೊದಲ ಒಮ್ಮೆ ಬೆಳಗಲಿ ಹೊಲದಾಗ ಕೆಂಚಿ ಚಿತ್ರ ಬರಕೊಂಡಿದ್ರು, ಬನಹಟ್ಟಿಗೆ ಬಂದ್ರ ಕರಕೊಂಡು ಬರ್ರಿ ಅಂದಿದ್ರು. ಬ್ಯಾರೆ ಎಲ್ಲಿಗೆ ಹೋಗೂದು ತಿಳೀಲಿಲ್ಲ. ಹಾಲೇಶ ಒಂದ ಮಾತು ಕೇಳಿದ, ಕೆಂಚಿದು ಏನರ ಉಳೀಬೇಕು ಅಂತ."

"ಕೊಡ್ಲಿ ಯಾರದು?"

"ನಿಮ್ಮ ಜೀಪಿನ್ಯಾಗ ಕುಂತು ಬಂದಾನಲ್ಲ, ಅವಂದು."

ಹೊರಗೆ ಗಾಜಿನ ಲೋಟ ಕಟ್ಟೆಗೆ ತಾಕಿದ ಸದ್ದು. ಸೋಮವ್ವ ಉಸಿರಿನಲ್ಲೇ ಮುಂದುವರಿದಳು.

"ಗುಡಿ ಪೂಜಾರಿಕಿ ದೊಡ್ಡಮನಿದು, ಹಿರೇಮಗನ ಪಾಲಿಂದು. ನನ್ನ ಗಂಡ ಸತ್ತಮ್ಯಾಲ ಅಂವ ನಡಿಸಿದ. ಈ ವರ್ಷ ಹಾಲೇಶಗ ಬಿಟ್ಟುಕೊಡಬೇಕಿತ್ತು."

"ಹಂಗಾದ್ರ ಕಂಪ್ಲೇಂಟ್ ಯಾಕ ಕೊಟ್ರಿ ಅವ್ವಾ?"

"ನಾ ಎಲ್ಲಿ ಕೊಟ್ಟೆ? ಅಂವ ಹೇಳಿದ, ನಾ ಹೆಬ್ಬಟ್ಟು ಒತ್ತಿದೆ. ತಾನು ಹುಡುಕಿದ್ರ ಸಿಗಲಿಲ್ಲ, ಈಗ ನಿಮ್ಮ ಕಡಿಂದ ಹುಡಕಸಾಕತ್ತಾನ. ನನ್ನ ಮಗಳು ಮಾಯಾ ಅವನ ಮನ್ಯಾಗ ಅದಾಳ. ನಾ ಬಾಯಿ ಬಿಟ್ರ ಆಕಿ ಗತಿ ಏನು?"

ಸಾಬಣ್ಣ ಠಾಣೆಗೆ ಬಂದಾಗಲೆಲ್ಲ ಕಾಯಿ, ಬಾಳೆಹಣ್ಣಿನ ಪ್ರಸಾದ ತರುತ್ತಿದ್ದ. ಎಲ್ಲಿ ಹುಡುಕಿದಿರಿ, ಇನ್ನೆಲ್ಲಿ ಹುಡುಕುತ್ತೀರಿ ಎಂದು ಕೇಳುತ್ತಿದ್ದ. ಕಾಣೆಯಾದವನ ಕಾಕಾ ಎಂದು ತ್ರಿಶಲಾ ಪ್ರತಿ ಸಲ ಪ್ರಾಮಾಣಿಕವಾಗಿ ಉತ್ತರಿಸಿದ್ದಳು. ಬೇಟೆಗೆ ನಾಯಿ ಬಿಟ್ಟವನು ಅದರ ಹಿಂದೆಯೇ ನಡೆಯುವಂತೆ ಅವನು ಅವಳ ಹಿಂದೆ ನಡೆದಿದ್ದ. ಇವತ್ತು ಇಲ್ಲಿಯವರೆಗೂ ಬಂದಿದ್ದ.

"ಹಾಲೇಶ ಈಗ ಎಲ್ಲಿ ಅದಾನ?" ಶಿಲ್ಪಿಯನ್ನು ಕೇಳಿದಳು.

"ಜೀವಂತ ಅದಾನ. ಅದಕಿಂತ ಹೆಚ್ಚು ಕೇಳಬ್ಯಾಡ. ಜೈಲಿಗೆ ಹಾಕಿದ್ರೂ ಹೇಳಂಗಿಲ್ಲ."

ಸೋಮವ್ವ ಅವಳ ಮುಂಗೈ ಹಿಡಿದಳು. "ಸತ್ತಾನಂತ ಬರೀಯವ್ವಾ. ಸತ್ತವರನ್ನ ಯಾರೂ ಹುಡುಕಂಗಿಲ್ಲ."

"ಆಗದ್ದನ್ನ ನಾ ಬರಿಯಂಗಿಲ್ಲ."

"ಬಾಯಿಲೆ ಆದ್ರೂ ಹೇಳು."

ಹೆಜ್ಜೆಯ ಸದ್ದು ಬಾಗಿಲಿಗೆ ಬಂತು.

"ಏನಾತ್ರಿ ಮೇಡಂ?" ಸಾಬಣ್ಣ ಒಳಗಿಣುಕಿದ. ಮೊದಲು ಶಿಲ್ಪಿಯನ್ನು, ಆಮೇಲೆ ಸೋಮವ್ವನನ್ನು, ಆಮೇಲೆ ನೆಲದ ಮೇಲಿನ ಅಚ್ಚನ್ನು ನೋಡಿದ. "ನಮ್ಮ ಹುಡುಗನ ಸುಳಿವು ಸಿಕ್ತೇನ್ರಿ?"

ಮಾಯಾಳನ್ನು ಆ ಮನೆಯಿಂದ ಹೊರತರಲು ಸ್ವಲ್ಪ ಸಮಯ ಬೇಕು. ಕೊಡಲಿ ಸಿಕ್ಕಿಲ್ಲ, ಸೋಮವ್ವನ ಮಾತು ಇನ್ನೂ ಹೇಳಿಕೆಯಾಗಿಲ್ಲ. ತ್ರಿಶಲಾ ತನ್ನ ಕೆಲಸದಲ್ಲಿ ಖಚಿತವಿಲ್ಲದ ಒಂದು ವಾಕ್ಯವನ್ನೂ ಈವರೆಗೆ ಆಡಿರಲಿಲ್ಲ.

"ಸಿಕ್ಕೈತಿ," ಎಂದಳು. "ಹಾಲೇಶ ತೀರಿಕೊಂಡಾನ ಸಾಬಣ್ಣಾರ."

ಸೋಮವ್ವ ಎದೆ ಬಡಿದುಕೊಂಡಳು. "ಯಪ್ಪಾ, ನನ್ನ ಹಾಲೇಶಾ!" ಎಂದು ನೆಲಕ್ಕೆ ಬಿದ್ದು ಹೊರಳಿದಳು. ಚಹಾದ ಅಂಗಡಿಯಿಂದ ನಿಂಗಣ್ಣ ಓಡಿ ಬಂದ. ಮಗ್ಗ ನಿಂತು ಖಾಲಿ ಕೂತಿದ್ದ ನೇಕಾರರು ಬಾಗಿಲಲ್ಲಿ ಗುಂಪುಗೂಡಿದರು. ಆ ಅಳು ಸುಳ್ಳೆಂದು ಗೊತ್ತಿದ್ದ ತ್ರಿಶಲಾ ಕೂಡ ಅವಳನ್ನು ಎತ್ತಲು ಬಾಗಿದಳು.

ಸಾಬಣ್ಣ ರುಮಾಲು ತೆಗೆದು ಎದೆಗೆ ಹಿಡಿದುಕೊಂಡ. ಅಳಲಿಲ್ಲ. ಎಲ್ಲಿ, ಯಾವಾಗ, ಹೇಗೆ ಎಂದು ಕೇಳಲಿಲ್ಲ.

"ಹೆಣ ಯಾವಾಗ ಕೊಡ್ತೀರಿ?" ಎಂದ.

"ಪೋಸ್ಟ್‌ಮಾರ್ಟಂ ಆಗಬೇಕು."

"ಎಲ್ಲಿ ಮಾಡ್ತಾರ್ರಿ? ಜಮಖಂಡ್ಯಾಗೋ, ಮುಧೋಳದಾಗೋ? ನಮ್ಮ ಮಂದಿ ಹೋಗಿ ಕುಂದ್ರತಾರ."

"ಹೇಳಿ ಕಳಸ್ತೀನಿ."

ಅವನು ಅವಳ ಕಣ್ಣನ್ನೇ ನೋಡಿದ. ನೋಡುತ್ತಲೇ ಊರಲ್ಲಿದ್ದ ತನ್ನ ಆಳಿಗೆ ಫೋನು ಹಚ್ಚಿ ಕಿವಿಗೆ ಹಿಡಿದ.

"ಈಶ್ವರಾ, ಹಾಲೇಶ ಹೋದ್ನಂತ. ಹೌದು, ಪೊಲೀಸ್ನೋರ ಹೇಳ್ಯಾರ. ಮಂದೀನ ಕೂಡಿಸು. ಸಂಜಿಕಿನ್ನ ಮೊದಲ ಹೂಳಾಕ ಕುಣಿ ತಗೀರಿ." ಆಚೆಯವನು ಏನೋ ಕೇಳಿದ. "ಹೆಣ ಬರಲಿ ಬಿಡಲಿ, ನೀ ತಗಿ. ತಗದ ಕುಣಿ ಖಾಲಿ ಮುಚ್ಚಬಾರದು, ಗೊತ್ತೈತಲ್ಲ ನಿನಗ?"

ಫೋನು ಇಳಿಸುವ ಮುನ್ನ, ನೆಲದ ಮೇಲಿದ್ದ ಸೋಮವ್ವನ ಕಡೆ ತಿರುಗಿ, ಅವಳಿಗೆ ಕೇಳುವಂತೆ ಇನ್ನೊಂದು ಮಾತು ಸೇರಿಸಿದ.

"ಮಾಯಾನ ಮನಿ ಬಿಟ್ಟು ಹೊರಗ ಬಿಡಬ್ಯಾಡ್ರಿ. ನಾ ಬರ್ತೀನಿ."

ಸೋಮವ್ವನ ಅಳು ಅಲ್ಲಿಗೆ ನಿಂತಿತು.